ಕೇಪಿನ ಕೋವಿಗೆ ಮದ್ದು ತುಂಬುವುದು ಹೇಗೆ?

ಕೇಪಿನ ಕೋವಿ ಅಂದರೆ ಬಾಯಿಯಿಂದ ಮದ್ದು, ಗುಂಡು ತುಂಬಿ, ಹಿಂದೆ ಕೇಪು ಎಂಬ ಸಿಡಿಯುವ ಪುಟ್ಟ ಟೋಪಿ ಇಟ್ಟು ಹಾರಿಸುವ ಹಳೇ ಕಾಲದ ಕೋವಿ. ಅದು ಹಾರದಿದ್ದರೆ ಜನ ಮೊದಲು ಬೈಯುವುದು ಕೇಪಿಗೆ. ಆಮೇಲೆ ಮದ್ದಿಗೆ. ಗುರಿ ತಪ್ಪಿದರೆ ಗಾಳಿಗೆ. ಇಲ್ಲಿ ಅಮೆರಿಕದ ಶೂಟಿಂಗ್ ರೇಂಜ್‌ಗಳಲ್ಲಿ ಹೊಸಬರು ಒದ್ದಾಡುವುದನ್ನು ನೋಡುತ್ತಲೇ ಇರುತ್ತೇನೆ. ಹೆಚ್ಚಿನ ಸಲ ತಪ್ಪು ಇರುವುದು ನಳಿಗೆಯೊಳಗೆ. ಒಂದೋ ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಹಿಂದಿನ ಈಡಿನ (ಹಿಂದಿನ ಸಲ ಹಾರಿಸಿದ್ದರ) ಮಸಿ ಒರೆಸಿರುವುದಿಲ್ಲ.

ಕೊಡಗಿನವರಿಗೆ, ಮಲೆನಾಡಿನವರಿಗೆ ಈ ಕೋವಿ ಹೊಸದೇನಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಎಲ್ಲರಿಗೂ ಗೊತ್ತು. ಇಲ್ಲಿ ಇದು ಹವ್ಯಾಸಿಗಳ ಆಟ. 1933ರಲ್ಲಿ ಶುರುವಾದ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಪಂದ್ಯ ನಡೆಸುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 30 ನಿಮಿಷಕ್ಕೆ 13 ಈಡು, ಅದರಲ್ಲಿ ಒಳ್ಳೆಯ 10 ಲೆಕ್ಕಕ್ಕೆ. ಅಂದರೆ ಒಂದು ಈಡಿಗೆ ಎರಡು ನಿಮಿಷದ ಮೇಲೆ ಸಮಯ ಸಿಗುತ್ತದೆ. ಅವಸರ ಮಾಡುವ ಅಗತ್ಯವೇ ಇಲ್ಲ.

ಊರಿನಲ್ಲಿ ಓದುವವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಉಳಿದವರಿಗಿಲ್ಲ. ಲೈಸೆನ್ಸ್ ಇಲ್ಲದ ಕೋವಿ ಮುಟ್ಟಬೇಡಿ.

ಸಾಮಾನು

ಇಲ್ಲಿ ಹೇಳುವುದೆಲ್ಲ ನಳಿಗೆಯ ಒಳ ಅಗಲ ಅರ್ಧ ಇಂಚಿರುವ, ಅಂದರೆ 0.50 ಕ್ಯಾಲಿಬರ್‌ನ ಕೇಪಿನ ರೈಫಲ್‌ಗೆ. ಮೆತ್ತನೆ ಸೀಸದ 0.490 ಇಂಚಿನ ಗುಂಡು, 0.015 ಇಂಚು ದಪ್ಪದ ಹತ್ತಿ ಬಟ್ಟೆಯ ತುಂಡು, 11ನೇ ನಂಬರ್ ಕೇಪು, ಎರಡು ಎಫ್ (ಕಾಳಿನ ಗಾತ್ರದ ಗುರುತು) ಕರಿಮದ್ದು, ಹಿತ್ತಾಳೆಯ ಅಳತೆ ಕೊಳವೆ, ಗಜ (ಗುಂಡನ್ನು ಒಳಕ್ಕೆ ದೂಡುವ ಉದ್ದನೆ ಕೋಲು). ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ.

ಬಟ್ಟೆ ಅಪ್ಪಟ ಹತ್ತಿಯದೇ ಆಗಿರಬೇಕು. ಪಾಲಿಯೆಸ್ಟರ್ ಬೆರೆತಿದ್ದರೆ ನಳಿಗೆಯೊಳಗೆ ಕರಗಿ ಅಂಟುತ್ತದೆ. ಅನುಮಾನ ಬಂದರೆ ಮದ್ದಿನಿಂದ ದೂರ, ಮನೆಯಲ್ಲೇ, ಒಂದು ಎಳೆ ಸುಟ್ಟು ನೋಡಿ. ಬೂದಿಯಾದರೆ ಹತ್ತಿ, ಮುದ್ದೆಯಾದರೆ ಪ್ಲಾಸ್ಟಿಕ್. ಜಿಡ್ಡು ಸವರಿಯೇ ಮಾರುವ ರೆಡಿಮೇಡ್ ಬಟ್ಟೆ ತುಂಡುಗಳನ್ನು ನಾನಂತೂ ಕೊಳ್ಳುವುದಿಲ್ಲ. ಡಬ್ಬಿಯಲ್ಲೇ ಒಣಗಿ ಕೂತಿರುತ್ತವೆ.

ಮದ್ದಿನ ವಿಷಯದಲ್ಲಿ ಚೌಕಾಸಿ ಬೇಡ. ಈಗಿನ ತೋಟೆಗಳಲ್ಲಿ ಬರುವ ಹೊಗೆಯಿಲ್ಲದ ಮದ್ದನ್ನು ಈ ಕೋವಿಗೆ ಒಂದು ಚಿಟಿಕೆಯೂ ಹಾಕಬಾರದು. ನಳಿಗೆ ಒಡೆಯುತ್ತದೆ. ಕರಿಮದ್ದಿಗೆ ಬದಲಿ ಅಂತ ಮಾರುವ ಪುಡಿಗಳೂ ಇವೆ, ಅವು ಹೊತ್ತಿಕೊಳ್ಳಲು ಜಾಸ್ತಿ ಬಿಸಿ ಕೇಳುತ್ತವೆ. ಕಲಿಯುವವರು ಅಸಲಿ ಕರಿಮದ್ದೇ ತೆಗೆದುಕೊಳ್ಳಿ.

ಮೊದಲು ಕೇಪು, ಆಮೇಲೆ ಮದ್ದು

ರೇಂಜಿಗೆ ಬಂದ ಕೂಡಲೇ ನಳಿಗೆಯ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ತೆಗೆಯಿರಿ. ರೇಂಜ್ ಆಫೀಸರ್ ಹೂಂ ಅಂದ ಮೇಲೆ, ಫೈರಿಂಗ್ ಲೈನಿನಲ್ಲಿ ನಿಂತು, ಖಾಲಿ ಕೋವಿಗೆ ಎರಡು ಕೇಪು ಹೊಡೆಯಿರಿ. ನಳಿಗೆಯ ಬಾಯಿ ನೆಲದ ಒಂದು ಹುಲ್ಲಿನ ಎಸಳಿನ ಹತ್ತಿರ ಇರಲಿ. ಕೇಪು ಸಿಡಿದಾಗ ಎಸಳು ಅಲುಗಾಡಿದರೆ ದಾರಿ ಸಾಫ್ ಇದೆ ಅಂತ. ಅಲುಗದಿದ್ದರೆ ಒಳಗೆ ಎಣ್ಣೆ ಕಟ್ಟಿದೆ. ಆಗ ಮದ್ದು ಹಾಕಬೇಡಿ, ನಿಪ್ಪಲ್ (ಕೇಪು ಕೂರುವ, ನಡುವೆ ತೂತಿರುವ ಮೊಳೆ) ಬಿಚ್ಚಿ ಚೊಕ್ಕ ಮಾಡಿ.

ಮದ್ದಿನ ಅಳತೆ ಗಾತ್ರದ ಲೆಕ್ಕ. 50 ಯಾರ್ಡ್ ದೂರದ ಗುರಿಗೆ 50 ಗ್ರೇನ್ ಧಾರಾಳ ಸಾಕು, ಅಂದರೆ ಮೂರು ಗ್ರಾಂ ಚಿಲ್ಲರೆ. ಕೋವಿ ಮಾಡಿದವರ ಕೈಪಿಡಿಯಲ್ಲಿ ಹಾಕಿರುವ ಮಿತಿ ದಾಟಬೇಡಿ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯುವುದು ಸಿನಿಮಾದಲ್ಲಿ ಚೆನ್ನ. ಒಳಗೆ ಒಂದು ಕಿಡಿ ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಕೊಂಬಿನಿಂದ ಕೊಳವೆಗೆ, ಕೊಂಬಿನ ಮುಚ್ಚಳ ಹಾಕಿ, ಆಮೇಲೆ ಕೊಳವೆಯಿಂದ ನಳಿಗೆಗೆ. ಮುಖ ಪಕ್ಕಕ್ಕೆ ಇರಲಿ.

ಗುಂಡು ಕೂರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಲೆಕ್ಕ ನೋಡಿ. ಗುಂಡು 0.490, ಎರಡೂ ಬದಿಯ ಬಟ್ಟೆ ಸೇರಿದರೆ 0.520. ನಳಿಗೆ 0.500. ಹಾಗಾಗಿ ಗುಂಡು ಬಿಗಿಯಾಗೇ ಹೋಗುತ್ತದೆ, ಹೋಗಬೇಕು. ಆ ಬಿಗಿಯಲ್ಲೇ ಬಟ್ಟೆ ಒಳಗಿನ ತಿರುವುಗೆರೆಗಳನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ.

ಜಿಡ್ಡು ಸವರಿದ ಬಟ್ಟೆಯನ್ನು ನಳಿಗೆಯ ಬಾಯಿಯ ಮೇಲೆ ಇಟ್ಟು, ಗುಂಡಿನ ಎರಕದ ಗುರುತು ಮೇಲೆ ಬರುವಂತೆ ಕೂರಿಸಿ. ಗಿಡ್ಡ ಕೋಲಿನಿಂದ ಒಂದು ಗುದ್ದು ಕೊಟ್ಟು ಒಳಕ್ಕೆ ಇಳಿಸಿ. ಈಗ ಗಜ. ಹೊಸಬರು ಗಜದ ತುದಿ ಹಿಡಿದು ಮೈಭಾರ ಹಾಕಿ ಒತ್ತುತ್ತಾರೆ. ಮರದ ಗಜ ಓರೆಯಾಗಿ ಸೀಳಿ ಮುರಿಯುತ್ತದೆ, ಚೂಪು ತುದಿ ಅಂಗೈಗೆ ನೆಟ್ಟಗೆ ಹೋಗುತ್ತದೆ. ನಳಿಗೆ ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದು, ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗಿ. ಗುಂಡು ಮದ್ದಿಗೆ ತಾಗಿತು ಅನ್ನುವುದು ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಗಜವನ್ನು ಎತ್ತಿ ಎತ್ತಿ ಕುಟ್ಟುವ ಅಭ್ಯಾಸ ಕೆಲವರಿಗಿದೆ. ಮೆತ್ತನೆ ಸೀಸದ ಮೂತಿ ಚಪ್ಪಟೆಯಾಗುತ್ತದೆ, ಅಷ್ಟೇ ಲಾಭ.

ಕೈಯನ್ನು ಮಾತ್ರ ನಂಬಬೇಡಿ. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟದಲ್ಲಿ ಒಂದು ಗೆರೆ ಹಾಕಿ. ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೆರೆ. ಎರಡನೇ ಗೆರೆ ಬಾಯಿಯಿಂದ ಮೇಲೆ ನಿಂತರೆ ಗುಂಡು ಇನ್ನೂ ಇಳಿದಿಲ್ಲ. ಕೆಳಗೆ ಹೋದರೆ ಮದ್ದು ಕಡಿಮೆ, ಇಲ್ಲವೇ ಹಾಕುವುದನ್ನೇ ಮರೆತಿದ್ದೀರಿ. ಗೋಡೆಯಲ್ಲಿ ವರ್ಷಗಟ್ಟಲೆ ತೂಗಿದ್ದ ಕೋವಿ ತುಂಬಿದೆಯೋ ಖಾಲಿಯೋ ಅಂತ ನೋಡುವುದಕ್ಕೂ ಗಜವೇ ದಾರಿ.

ಅರ್ಧದಲ್ಲಿ ಸಿಕ್ಕಿಕೊಂಡ ಗುಂಡನ್ನು ‘ಹೊಡೆದೇ ತೆಗೆಯೋಣ’ ಅನ್ನುವವರಿದ್ದಾರೆ. ಬೇಡವೇ ಬೇಡ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇದ್ದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಕೇಪು ಹಾಕದೆ, ಬಾಯಿಯನ್ನು ಗುರಿಯ ಕಡೆಗೇ ಇಟ್ಟು, ರೇಂಜ್ ಆಫೀಸರನ್ನು ಕರೆಯಿರಿ.

ಕೇಪು ಹಾಕುವುದು ಕಟ್ಟಕಡೆಗೆ, ಬಾಯಿ ಗುರಿಯತ್ತ ಇದ್ದಾಗ. ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿದ್ದೂ ಹಾರದಿದ್ದರೆ ಕೋವಿ ಹಾಗೇ ಹಿಡಿದು ಕಡೇಪಕ್ಷ ಒಂದು ನಿಮಿಷ ಕಾಯಿರಿ. ತಡವಾಗಿ ಹಾರುವುದೂ ಉಂಟು.

ಈಡಿಗೊಮ್ಮೆ ಒರೆಸಿ

ಕರಿಮದ್ದು ಸುಟ್ಟರೆ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಘನ ಪದಾರ್ಥವಾಗೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಗೆ ಅಂಟುತ್ತದೆ. ಮೂರ್ನಾಲ್ಕು ಈಡಾದ ಮೇಲೆ ಗುಂಡು ಇಳಿಯುವುದೇ ಇಲ್ಲ ಅಂತ ಗೋಳಾಡುವುದು ಇದಕ್ಕೇ. ಪ್ರತಿ ಈಡಿನ ನಂತರ ಒರೆಸುವುದು ನನ್ನ ಪದ್ಧತಿ. ಐದಕ್ಕೊಮ್ಮೆ ಸಾಕು ಅನ್ನುವವರ ಗುರಿಹಾಳೆ ನೋಡಿ, ನಿಮಗೇ ತಿಳಿಯುತ್ತದೆ.

ಬಟ್ಟೆಯನ್ನು ನೀರಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ. ಗಜದ ತುದಿಗೆ ಸಿಕ್ಕಿಸಿ ನಿಧಾನ ಒಂದು ಸಲ ಕೆಳಗೆ, ಒಂದು ಸಲ ಮೇಲೆ. ಮಗುಚಿ ಇನ್ನೊಮ್ಮೆ. ಕೊನೆಗೆ ಒಣ ಬಟ್ಟೆ. ನೀರು ಹೆಚ್ಚಾದರೆ ಇಳಿದು ಮದ್ದಿನ ಕೋಣೆ ಸೇರುತ್ತದೆ. ಬಟ್ಟೆ ತೀರಾ ಬಿಗಿಯಾದರೆ ಮಸಿಯನ್ನೆಲ್ಲ ತಳಕ್ಕೆ ದೂಡಿ ನಿಪ್ಪಲ್ ದಾರಿ ಕಟ್ಟುತ್ತದೆ. ಆಮೇಲೆ ‘ಟಪ್’ ಅಂತ ಕೇಪು ಸಿಡಿದು ಸುಮ್ಮನಾಗುತ್ತದೆ. ಬೈಗುಳ ತಿನ್ನುವುದು ಪಾಪದ ಕೇಪು.

ರೇಂಜ್ ನಿಲ್ಲಿಸಿದಾಗ ಮುಂದೆ ಹೋಗಿ ಹಾರಿಬಿದ್ದ ಬಟ್ಟೆ ತುಂಡು ಹೆಕ್ಕಿ ತನ್ನಿ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಇಲ್ಲವೇ ಸವರಿದ್ದು ಸಾಲದು. ಗೆರೆ ಗೆರೆಯಾಗಿ ಕತ್ತರಿಸಿದ್ದರೆ ನಳಿಗೆಯ ಅಂಚು ಚೂಪಾಗಿದೆ. ಮಸಿಯಾಗಿದ್ದರೂ ಇಡಿಯಾಗಿದ್ದರೆ ಏನೂ ಬದಲಿಸಬೇಡಿ.

ಮನೆಗೆ ಬಂದ ಮೇಲೆ

ಅದೇ ದಿನ ತೊಳೆಯಿರಿ. ಉಳಿದ ಮಸಿ ಮಳೆಗಾಲದ ಉಪ್ಪಿನ ಹಾಗೆ ತೇವ ಎಳೆದುಕೊಂಡು ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಸುತ್ತದೆ. ದುಬಾರಿ ಕ್ಲೀನಿಂಗ್ ದ್ರವಗಳು ದಂಡ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು. ನಳಿಗೆ ಬಿಚ್ಚಿ ಬುಡವನ್ನು ಅದರಲ್ಲಿ ಮುಳುಗಿಸಿ, ಬಟ್ಟೆ ಸಿಕ್ಕಿಸಿದ ಗಜ ಮೇಲೆ ಕೆಳಗೆ ಆಡಿಸಿ. ಕುದಿಯುವ ನೀರು ಬೇಡ, ಒಣಗುತ್ತಿದ್ದ ಹಾಗೆ ಕೆಂಪು ತುಕ್ಕು ಏಳುತ್ತದೆ. ಸೋಪು ಹೋಗುವಂತೆ ಬರೀ ನೀರಲ್ಲಿ ಜಾಲಿಸಿ, ಒರೆಸಿ ಒಣಗಿಸಿ, ಎಣ್ಣೆ ಸವರಿ. ಮಾರನೇ ದಿನ ಒಂದು ಬಿಳಿ ಬಟ್ಟೆ ಹಾಯಿಸಿ. ಕೆಂಪಗೆ ಬಂದರೆ ತೊಳೆಯುವ ಕೆಲಸ ಮೊದಲಿಂದ ಮಾಡಿ.