ಹೆಸರಿಲ್ಲದ ಬೈಂಡುಗಳ ಬೇಟೆ: ನನ್ನ ಅನುಭವ

ಹಳೇ ಕನ್ನಡ ಪುಸ್ತಕ ಹುಡುಕುವ ಗೆಳೆಯರಿಗೆ ನಾನು ಮೂರ್ನಾಲ್ಕು ವರ್ಷದಿಂದ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ. ಬೇಕಾದ ಪುಸ್ತಕಗಳ ಪಟ್ಟಿ ಮನೆಯಲ್ಲೇ ಬಿಟ್ಟು ಬನ್ನಿ. ಬೆನ್ನ ಮೇಲೆ ಹೆಸರಿಲ್ಲದ ಬೈಂಡುಗಳನ್ನು ಮೊದಲು ಎತ್ತಿಕೊಳ್ಳಿ. ಎತ್ತಿಕೊಂಡ ಮೇಲೆ ಮೊದಲ ಪುಟ ನೋಡಬೇಡಿ, ನಡುವೆ ಬಿಡಿಸಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಮೇಷ್ಟ್ರಂತೂ "ಸುಮ್ನೆ ಧೂಳು ಕುಡಿಯೋ ಕೆಲಸ ಕಣ್ರೀ, ಬೇಕಾದ್ದೆಲ್ಲ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಬಿದ್ದಿದೆ" ಅಂದಿದ್ದರು. ಅದೇ ಮೇಷ್ಟ್ರು ಮೊನ್ನೆ ಫೋನ್ ಮಾಡಿ, ನನ್ನ ಹತ್ತಿರ ಇರುವ ಒಂದು ನಾಟಕದ ಹಾಡಿನ ಪುಸ್ತಕದ ಫೋಟೋ ಕಳಿಸ್ತೀರಾ ಎಂದು ಕೇಳಿದರು. ಎಲ್ಲೂ ಸಿಗಲಿಲ್ಲವಂತೆ. ಕಳಿಸಿದೆ. ಕಳಿಸುವ ಮೊದಲು ಎರಡು ದಿನ ಸತಾಯಿಸಿದೆ, ಸುಳ್ಳು ಯಾಕೆ ಹೇಳಲಿ.

ಬೈಂಡೇ ಯಾಕೆ ಅಂದರೆ, ಹಿಂದಿನವರು ತೆಳು ಪುಸ್ತಕ, ಹಾಡಿನ ಪುಸ್ತಕ, ಮಾಸಪತ್ರಿಕೆಯ ಸಂಚಿಕೆ ಎಲ್ಲ ಸೇರಿಸಿ ನಾಲ್ಕೈದನ್ನು ಒಂದೇ ಕ್ಯಾಲಿಕೊ ಬಟ್ಟೆಯೊಳಗೆ ಹೊಲಿಸಿಬಿಡುತ್ತಿದ್ದರು. ಬೆನ್ನ ಮೇಲೆ ಒಂದು ನಂಬರು, ಅಷ್ಟೇ. ಗುಜರಿಯವನು ಮೊದಲ ಪುಟ ನೋಡಿ ಕಿಲೋ ರೇಟು ಕಟ್ಟುತ್ತಾನೆ. ಮೊಬೈಲಿನಲ್ಲಿ ಮಾರುವವರೂ ಮೊದಲ ಪುಸ್ತಕದ ಹೆಸರನ್ನೇ ಹಾಕುತ್ತಾರೆ. ಹಿಂದೆ ಅಡಗಿ ಕೂತ ಮೂರು ಪುಸ್ತಕಕ್ಕೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ನಮ್ಮಂಥವರಿಗೆ ಬೇಕಾದ್ದು ಅದೇ ತಾನೆ?

ಇದಕ್ಕೆ ಮೊದಲು ನಾನೂ ಪಟ್ಟಿ ಹಿಡಿದೇ ಓಡಾಡಿದವನು. ನಲವತ್ತು ಹೆಸರಿನ ಪಟ್ಟಿ ಜೇಬಿನಲ್ಲಿ. ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಇಂಜಿನಿಯರಿಂಗ್ ಪುಸ್ತಕ ಮತ್ತು ಸಿಇಟಿ ಗೈಡುಗಳ ಗುಡ್ಡೆ ದಾಟಿ ಕನ್ನಡದ ಮೂಲೆ ತಲುಪುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಕನ್ನಡದ ಕಪಾಟು ಇದೆ, ಚೆನ್ನಾಗಿಯೇ ಇದೆ, ಆದರೆ ಅಲ್ಲಿ ನನಗೆ ಸಿಕ್ಕಿದ್ದೆಲ್ಲ ನಾನಾಗಲೇ ಓದಿದ್ದು. ಬ್ರಿಗೇಡ್ ರೋಡಿನ ಪಕ್ಕದ ಸೆಲೆಕ್ಟ್ 1945ರಿಂದ ಇರುವ ಅಂಗಡಿ. ಅಲ್ಲಿ ಹಳೇ ಪುಸ್ತಕದ ಬೆಲೆ ಬಲ್ಲವರು ಕೂತಿರುತ್ತಾರೆ, ಹಾಗಾಗಿ ನನ್ನಂಥ ಜಿಪುಣನಿಗೆ ಲಾಟರಿ ಹೊಡೆಯುವ ಚಾನ್ಸ್ ಕಡಿಮೆ. ಇನ್ನು ಫೋನಿನಲ್ಲೇ ವ್ಯಾಪಾರ ಮಾಡುವ ಒಬ್ಬರು ಮೊದಲ ಮುದ್ರಣ ಅಂತ ಹೇಳಿ 1,800 ರೂಪಾಯಿ ಹಾಕಿಸಿಕೊಂಡು, ಮುಖಪುಟ ಹರಿದ ಮರುಮುದ್ರಣ ಕಳಿಸಿದರು. ಆಮೇಲೆ ಫೋನ್ ಎತ್ತಲಿಲ್ಲ. ಎರಡು ವರ್ಷ ಹೀಗೆ ತಿರುಗಿ ಪಟ್ಟಿಯಲ್ಲಿ ಐದಾರು ಹೆಸರಿಗೆ ಗೀಟು ಬಿತ್ತು. ಖರ್ಚು ಹತ್ತು ಸಾವಿರದ ಮೇಲೆ.

ಈಗ ನಾನು ಹೋಗುವುದು ಜಾಸ್ತಿ ಸಣ್ಣ ಊರಿನ ಗುಜರಿಗಳಿಗೆ. ಯಾವ ಊರು ಅಂತ ಕೇಳಬೇಡಿ, ತುಮಕೂರಿನಿಂದ ಆಚೆ ಅಂತ ಮಾತ್ರ ಹೇಳಬಲ್ಲೆ. ಯುಗಾದಿಗೆ ಮೊದಲು ಮತ್ತು ದಸರಾಕ್ಕೆ ಮೊದಲು ಮನೆ ತೊಳೆಯುವ ವಾರಗಳಲ್ಲಿ ಅಟ್ಟದ ಮೇಲಿದ್ದದ್ದು ಕೆಳಗಿಳಿಯುತ್ತದೆ. ಹಳೇ ಮನೆ ಕೆಡವುತ್ತಿದ್ದಾರೆ ಅಂತ ಗೊತ್ತಾದರೆ ಇನ್ನೂ ಒಳ್ಳೆಯದು. ಪೇಪರ್ ಲೋಡಿನ ಲಾರಿ ಹೊರಡುವ ದಿನ ಯಾವುದು ಅಂತ ಗುಜರಿಯವನ ಹತ್ತಿರ ತಿಳಿದುಕೊಂಡು ಅದರ ಹಿಂದಿನ ದಿನ ಬೆಳಿಗ್ಗೆ ಹೋಗಿ. ಟಾರ್ಚು, ಮಾಸ್ಕು, ಒಂದು ಒಣ ಬಟ್ಟೆ ಸಾಕು. ದೊಡ್ಡ ಬ್ಯಾಗು ನೇತುಹಾಕಿಕೊಂಡು ಹೋದರೆ ರೇಟು ಅಲ್ಲೇ ಏರುತ್ತದೆ.

ಬೈಂಡು ಸಿಕ್ಕಿತು ಅಂದುಕೊಳ್ಳಿ. ಬಿಡಿಸುವ ಮೊದಲು ಬೆಳಕಿಗೆ ಹಿಡಿದು ಹಾಳೆಗಳ ಅಂಚು ನೋಡಿ. ಒಂದೇ ಪುಸ್ತಕವಾದರೆ ಅಂಚಿನ ಬಣ್ಣ ಒಂದೇ ಇರುತ್ತದೆ. ಬೇರೆ ಬೇರೆ ಪುಸ್ತಕ ಸೇರಿದ್ದರೆ ಪಟ್ಟೆ ಕಾಣುತ್ತದೆ: ಸ್ವಲ್ಪ ದೂರ ಬಿಳಿ, ಆಮೇಲೆ ಕಂದು, ನಡುವೆ ಬೆಲ್ಲದ ಬಣ್ಣದ ತೆಳು ಗೆರೆ. ಆ ಬೆಲ್ಲದ ಬಣ್ಣದ್ದು ಅಗ್ಗದ ಕಾಗದ. ಹಾಡಿನ ಪುಸ್ತಕ, ಪಾಂಪ್ಲೆಟ್ಟು ಸಿಗುವುದು ಅಲ್ಲೇ. ಬಣ್ಣ ಬದಲಾಗುವ ಜಾಗಕ್ಕೆ ಬೆರಳಿಟ್ಟು ಬಿಡಿಸಿ. ಬೈಂಡಿನ ಬಟ್ಟೆ ನೋಡಿಯೇ ಒಳಗೆ ಏನಿರಬಹುದು ಅಂತ ಊಹಿಸುವ ಒಂದು ಲೆಕ್ಕವೂ ನನ್ನ ಹತ್ತಿರ ಇದೆ. ಅದು ನನ್ನ ಹತ್ತಿರವೇ ಇರಲಿ.

ಮೇಷ್ಟ್ರು ಕೇಳಿದ ಪುಸ್ತಕ ಸಿಕ್ಕಿದ್ದು ಹೀಗೆ. ನೀಲಿ ಬಟ್ಟೆ, ಬೆನ್ನ ಮೇಲೆ ಶಾಯಿಯಲ್ಲಿ ೭ ಅಂತ. ಮೊದಲಿದ್ದದ್ದು ಪೂಜಾವಿಧಿ, ಅದೂ ಹತ್ತು ಪುಟ ಇಲ್ಲದ್ದು. "ಅದ್ಯಾಕ್ ಸಾರ್, ಹರಿದೋಗಿರೋದು?" ಅಂದ ಗುಜರಿಯವನು. "ಇರಲಿ ಬಿಡಣ್ಣ, ಅಮ್ಮನಿಗೆ" ಅಂದೆ. ಅಂಚಿನಲ್ಲಿ ಪಟ್ಟೆ ಆಗಲೇ ನೋಡಿದ್ದೆ. ಎರಡನೆಯದು ಕಂಪನಿ ನಾಟಕದ ಹಾಡುಗಳು, ಹದಿನಾರೇ ಪುಟ, ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳ. ಯಾರೋ ಇಷ್ಟವಾದ ಹಾಡಿಗೆ ಪೆನ್ಸಿಲ್ ಗುರುತು ಹಾಕಿದ್ದರು. ಮೂರನೆಯದು ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಮಾಲೆಯ ಒಂದು ತೆಳು ಹೊತ್ತಿಗೆ. ನಾಲ್ಕನೆಯದು ಮನೆಯಲ್ಲೇ ಸಾಬೂನು, ಶಾಯಿ ಮಾಡುವುದನ್ನು ಹೇಳಿಕೊಡುವ ಪುಸ್ತಕ. ಹೊಂಗೆ ಎಣ್ಣೆ ಸಾಬೂನಿನ ಪುಟದ ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: "ಮಾಡಿ ನೋಡಿದೆ. ಗಟ್ಟಿಯಾಗಲಿಲ್ಲ. ಎಣ್ಣೆ ದಂಡ." ಸಿಮೆಂಟ್ ಚೀಲದ ಮೇಲೆ ಕೂತು ಒಬ್ಬನೇ ನಕ್ಕೆ. ಇಂಥದನ್ನು ಯಾವ ಪಟ್ಟಿಯಲ್ಲಿ ಬರೆದುಕೊಂಡು ಹೋಗೋದು ಹೇಳಿ. ನಾಲ್ಕೂ ಸೇರಿ ತೂಕದಲ್ಲಿ ಇಪ್ಪತ್ತೈದೋ ಮೂವತ್ತೋ ರೂಪಾಯಿ.

ಸಾಬೂನಿನ ತಂಟೆಗೆ ನಾನು ಹೋಗಲಿಲ್ಲ, ಶಾಯಿ ಮಾತ್ರ ಮಾಡಿ ನೋಡಿದೆ. ಅಳಲೆಕಾಯಿ ಕುದಿಸಿ ಸೋಸಿ ಅನ್ನಭೇದಿ (ಕಬ್ಬಿಣದ ಒಂದು ಲವಣ) ಹಾಕುವುದು. ಎರಡೂ ಗಂಧಿಗೆ ಅಂಗಡಿಯಲ್ಲಿ ಸಿಕ್ಕವು, ನೂರು ರೂಪಾಯಿ ಒಳಗೇ ಆಯಿತು. ಬರೆದಾಗ ತಿಳಿ ಬಣ್ಣ, ಮಾರನೇ ದಿನ ನೋಡಿದರೆ ಕಪ್ಪು. ಆದರೆ ಈ ಶಾಯಿ ಕಾಲ ಕಳೆದಂತೆ ಕಾಗದವನ್ನೇ ತಿನ್ನುತ್ತದೆ, ಪುಸ್ತಕದ ಮೇಲೆ ಬಳಸಬೇಡಿ.

ಪುಸ್ತಕದ ಕಾಲ ಗೊತ್ತುಮಾಡಲು ನಾನು ಮುದ್ರಣದ ವಿವರ ಇರುವ ಪುಟಕ್ಕೆ ಕಾಯುವುದಿಲ್ಲ, ಎಷ್ಟೋ ಬಾರಿ ಅದು ಹರಿದೇ ಹೋಗಿರುತ್ತದೆ. ಬೆಲೆ ನೋಡಿ. ಆಣೆಯಲ್ಲಿದ್ದರೆ ಹೆಚ್ಚುಕಡಿಮೆ 1957ಕ್ಕೆ ಹಿಂದಿನದು. "ನ.ಪೈ." (ನಯಾ ಪೈಸೆ) ಎಂದಿದ್ದರೆ 1957ರಿಂದ 1964ರ ಆಸುಪಾಸು, ಆಮೇಲೆ "ನಯಾ" ಬಿದ್ದುಹೋಗಿ ಬರೀ ಪೈಸೆ ಆಯಿತು. ವಿಳಾಸದಲ್ಲಿ "ಬೆಂಗಳೂರು-2" ಎಂದಷ್ಟೇ ಇದ್ದು ಆರು ಅಂಕಿಯ ಪಿನ್‌ಕೋಡ್ ಇಲ್ಲದಿದ್ದರೆ 1972ಕ್ಕೆ ಮೊದಲಿನದಿರುವ ಸಾಧ್ಯತೆ ಹೆಚ್ಚು. ಹಳೇ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿದ್ದೂ ಉಂಟು. ಚೀಟಿಯ ಅಡಿ ನೋಡಿ.

ಹುಳದ ವಿಷಯಕ್ಕೆ ಬರೋಣ. ಬೇವಿನ ಸೊಪ್ಪು ಇಟ್ಟೆ, ಏನೂ ಆಗಲಿಲ್ಲ, ಸೊಪ್ಪಿಗೇ ಹುಳ ಬಂತು. ನುಸಿಗುಳಿಗೆ ಇಟ್ಟರೆ ಮನೆಯವರಿಗೆಲ್ಲ ತಲೆನೋವು. ಬಜೆ ಬೇರು ಪರವಾಗಿಲ್ಲ, ಹುಳ ಬರದ ಹಾಗೆ ತಡೆಯಬಹುದು, ಒಳಗೆ ಸೇರಿಕೊಂಡದ್ದನ್ನು ಕೊಲ್ಲುವುದಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಫ್ರೀಜರ್. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎರಡು ವಾರ ಬಿಡಿ, ಹೊರಗೆ ತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬೇಡಿ, ಬಿಚ್ಚಿದರೆ ಹಾಳೆಯ ಮೇಲೆ ನೀರು ಕೂರುತ್ತದೆ. ನನ್ನ ಹೆಂಡತಿ ಬಟಾಣಿ ಇಡಲು ಜಾಗ ಇಲ್ಲ ಎಂದು ಶುರುಮಾಡಿದ ಮೇಲೆ ಸೆಕೆಂಡ್ ಹ್ಯಾಂಡ್ ಸಣ್ಣ ಫ್ರೀಜರ್ ಒಂದು ತಂದೆ, ಸುಮಾರು ಆರು ಸಾವಿರ. ಈ ಹವ್ಯಾಸದಲ್ಲಿ ಒಂದೇ ಏಟಿಗೆ ಇಷ್ಟು ಕೊಟ್ಟದ್ದು ಅದಕ್ಕೇ. ಪುಸ್ತಕಕ್ಕೆ ಯಾವತ್ತೂ ಕೊಟ್ಟಿಲ್ಲ.

ದುಡ್ಡಿನ ಲೆಕ್ಕ ಬಾಯಲ್ಲೇ ಹೇಳುತ್ತೇನೆ. ಗುಜರಿಯವನು ಕಿಲೋಗೆ ಹತ್ತು ಹದಿನೈದು ಕೊಟ್ಟು ಕೊಂಡಿರುತ್ತಾನೆ, ನನಗೆ ನಲವತ್ತು ಐವತ್ತಕ್ಕೆ ಕೊಡುತ್ತಾನೆ. ಚೌಕಾಸಿ ಮಾಡುವುದಿಲ್ಲ, ಅವನಿಗೂ ಲಾಭ ಇದ್ದರೆ ಬೈಂಡು ಬಂದಾಗ ಎತ್ತಿಟ್ಟು ಫೋನ್ ಮಾಡುತ್ತಾನೆ. ಬಸ್ಸು, ಊಟ ಸೇರಿ ವರ್ಷಕ್ಕೆ ಹದಿನೈದು ಸಾವಿರ ಆಗುತ್ತದೇನೋ. ಎರಡೆರಡು ಬಂದದ್ದನ್ನು ಮಾರಿ ಐದಾರು ಸಾವಿರ ವಾಪಸ್ ಬರುತ್ತದೆ. ಲಾಭ ಅಲ್ಲ ಅಂತ ಗೊತ್ತು.

ಇನ್ನೊಂದು. ಲೈಬ್ರರಿ ಸೀಲು ಇದ್ದು, ಪುಸ್ತಕವನ್ನು ಲೈಬ್ರರಿಯೇ ರದ್ದುಮಾಡಿದೆ ಅನ್ನುವ ಸೀಲು ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ಎಂಥ ಪುಸ್ತಕವೇ ಆಗಿರಲಿ. ಕದ್ದ ಮಾಲು ಮನೆಗೆ ಬೇಡ.

ಸದ್ಯಕ್ಕೆ ನನ್ನ ಹತ್ತಿರ ಅರವತ್ತರ ದಶಕದ ಕಸ್ತೂರಿ ಮಾಸಪತ್ರಿಕೆಯ ಸಂಚಿಕೆಗಳು ಒಂದಷ್ಟು ಎರಡೆರಡು ಇವೆ. ಹುಳ ತಿಂದಿಲ್ಲ, ಫ್ರೀಜರ್‌ನಿಂದ ಬಂದವು. ಬದಲಿಗೆ ಆಣೆ ಕಾಲದ ಬೇಸಾಯದ ಪುಸ್ತಕವೋ ಅಡುಗೆ ಪುಸ್ತಕವೋ ಇದ್ದರೆ ಕೊಡುತ್ತೇನೆ. ಪಕ್ಕದಲ್ಲಿ ಯಾರಾದರೂ ಏನಾದರೂ ಗೀಚಿದ್ದರೆ ಒಂದರ ಬದಲು ಎರಡು ಕೊಡುತ್ತೇನೆ. ದುಡ್ಡಿಗೆ ಮಾತ್ರ ಇಲ್ಲ.