ಬಿಸಿಗಾಳಿ ಅಳೆಯುವ ಗಾಜಿನ ಎಳೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಿಸುವ ಡ್ರೈಯರಿನ ಪೈಪಿಗೆ ನಾನು ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಸೆನ್ಸರ್ ಕೂರಿಸಿದ್ದು ಹೀಗೆ. ಗ್ರೇಟಿಂಗ್ ಅಂದರೆ ಗಾಜಿನ ಎಳೆಯೊಳಗೆ ಮೂಡಿಸಿದ ಸೂಕ್ಷ್ಮ ಗೆರೆಗಳ ಸಾಲು. ಅದು ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ; ಎಳೆ ಬಿಸಿಯಾದರೆ ಅಥವಾ ಜಗ್ಗಿದರೆ ಆ ತರಂಗಾಂತರ ಸರಿಯುತ್ತದೆ, ಅದನ್ನು ಮೀಟರ್ ಓದುತ್ತದೆ.

ಮೊದಲು ತಾಪಮಾನ. ಗ್ರೇಟಿಂಗ್ ಇರುವ ಎಳೆಯನ್ನು ಸಣ್ಣ ಸ್ಟೀಲ್ ನಳಿಗೆಯೊಳಗೆ ತೂರಿಸಿ, ಒಂದೇ ತುದಿಗೆ ಅಂಟು ಹಚ್ಚಿ. ನಾನು ಮೊದಲ ಸಲ ಎರಡೂ ಕಡೆ ಬಿಗಿದಿದ್ದೆ. ಸ್ಟೀಲ್ ಹಿಗ್ಗಿ ಎಳೆಯನ್ನು ಜಗ್ಗಿತು, ಮೀಟರ್ ಆ ಜಗ್ಗನ್ನೂ ಬಿಸಿ ಅಂತಲೇ ತೋರಿಸಿತು. 1550 ನ್ಯಾನೋಮೀಟರ್ ಬೆಳಕಿನಲ್ಲಿ ಒಂದು ಡಿಗ್ರಿಗೆ ತರಂಗಾಂತರ ಸರಿಯುವುದು ಸುಮಾರು 10 ಪಿಕೋಮೀಟರ್, ಅಂದರೆ ನ್ಯಾನೋಮೀಟರಿನ ನೂರನೇ ಒಂದು ಭಾಗ ಅಷ್ಟೇ ಅಲ್ವಾ? ಹಾಗಾಗಿ ಬಿಸಿನೀರಿನಲ್ಲಿ ಒಳ್ಳೆಯ ಥರ್ಮಾಮೀಟರ್ ಜೊತೆ ಇಟ್ಟು, ನಾಲ್ಕೈದು ತಾಪಮಾನದಲ್ಲಿ ತಾಳೆ ನೋಡಿ.

ಕತ್ತರಿಸಿದ ಎಳೆಯ ತುಣುಕುಗಳನ್ನು ಟೇಪಿಗೆ ಅಂಟಿಸಿ ಎತ್ತಿ. 125 ಮೈಕ್ರಾನ್ ದಪ್ಪದ ಗಾಜು, ಬೆರಳಿಗೆ ಹೊಕ್ಕರೆ ಕಣ್ಣಿಗೂ ಕಾಣುವುದಿಲ್ಲ.

ಗಾಳಿಯ ಹರಿವು ಅಳೆಯಲು ಎರಡನೇ ಗ್ರೇಟಿಂಗ್ ಬೇಕು. ಅದರ ನಳಿಗೆಗೆ ತೆಳು ಹೀಟರ್ ತಂತಿ ಸುತ್ತಿ ಒಂದೇ ಸಮ ಕರೆಂಟ್ ಕೊಡಿ. ಬಿಸಿ ಚಹಾ ಊದಿದ ಹಾಗೆ, ಗಾಳಿ ಜೋರಾದಷ್ಟೂ ಅದು ತಣ್ಣಗಾಗುತ್ತದೆ. ಎರಡೂ ಗ್ರೇಟಿಂಗ್‌ಗಳ ತಾಪಮಾನದ ವ್ಯತ್ಯಾಸದಿಂದ ಗಾಳಿಯ ವೇಗ ಸಿಗುತ್ತದೆ. ಬಿಸಿ ಮಾಡದ ಎಳೆ ಗಾಳಿ ಬರುವ ಕಡೆ ಇರಲಿ. ವಾರಕ್ಕೊಮ್ಮೆ ಮೆಣಸಿನ ಧೂಳು ಒರೆಸಿ, ಧೂಳು ಕೂತರೆ ವೇಗ ಕಡಿಮೆ ತೋರಿಸುತ್ತದೆ. ಹೊತ್ತಿಕೊಳ್ಳುವ ಗ್ಯಾಸ್ ಇರುವ ಪೈಪಿಗೆ ಈ ಹೀಟರ್ ಹಾಕಲೇಬೇಡಿ.