ಗೋವಿನಜೋಳದ ವಿಷದ ಜೀನ್ ಹುಡುಕ್ತಾ ಬಿಳಿಜೋಳದ ಹತ್ರ ಬಂದೆ

2018ರಲ್ಲಿ ಫಾಲ್ ಸೈನಿಕ ಹುಳು ಮೊದಲ್ನೇ ಸಲ ನಮ್ಮ ರಾಜ್ಯಕ್ಕೆ ಬಂತಲ್ಲ, ಆ ವರ್ಷ ನಮ್ಮ ಹೊಲದ ಗೋವಿನಜೋಳದ ಸುಳಿ ಬಿಡ್ಸಿದ್ರೆ ಒಳಗೆಲ್ಲ ಹಿಕ್ಕೆ. ನಾನಾಗ ಎಂಎಸ್ಸಿ ಬಯೋಟೆಕ್ ಮಾಡ್ತಿದ್ದೆ, ಗೋವಿನಜೋಳದ ಎಳೆ ಗಿಡದಲ್ಲಿ ಡಿಂಬೋವಾ ಅನ್ನೋ ವಿಷ ಇರುತ್ತೆ, ಹುಳ ಅದಕ್ಕೆ ಹೆದರುತ್ತೆ ಅಂತ ಆಗಷ್ಟೇ ಓದಿದ್ದೆ, ಮತ್ತೆ ಈ ಹುಳ ಹೆಂಗೆ ತಿಂತಿದೆ? ಹುಡುಕಿದಾಗ ಗೊತ್ತಾಯ್ತು, ಅದು ತನ್ನ ಹೊಟ್ಟೇಲಿ ಆ ವಿಷಕ್ಕೆ ಒಂದು ಗ್ಲೂಕೋಸ್ ಅಂಟಿಸ್ಬಿಡುತ್ತೆ, ಅದೂ ಗಿಡ ತನ್ನ ವಿಷ ಕೂಡಿಡೋವಾಗ ಅಂಟ್ಸೋ ದಿಕ್ಕಿಗೆ ಉಲ್ಟಾ, ಹಂಗಾಗಿ ಗಿಡದ ಎಂಜೈಮ್‌ಗೆ ಅದನ್ನ ಮತ್ತೆ ಬಿಡ್ಸೋಕೇ ಆಗಲ್ಲ. ಸರಿ, ಹುಳದ ಕತೆ ಹಂಗಾಯ್ತು. ನನ್ನ ತಲೇಲಿ ಉಳಿದಿದ್ದು ಇನ್ನೊಂದು, ಗಿಡಕ್ಕೆ ಈ ವಿಷ ಮಾಡೋ ಜೀನ್ ಎಲ್ಲಿಂದ ಬಂತು ಅನ್ನೋದು.

1997ರಲ್ಲೇ ಮ್ಯೂನಿಕ್‌ನಲ್ಲಿ ಮೋನಿಕಾ ಫ್ರೈ, ಆಲ್ಫನ್ಸ್ ಗಿಯರ್ಲ್ ತಂಡ ಇದನ್ನ ಬಿಡ್ಸಿಟ್ಟಿದ್ರು. ಎಲ್ಲ ಗಿಡದಲ್ಲೂ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲ ಮಾಡೋಕೆ ಒಂದು ಎಂಜೈಮ್ ಇರುತ್ತೆ, ಅದರ ಆಲ್ಫಾ ಭಾಗ ಇಂಡೋಲ್ ಅನ್ನೋ ಸಣ್ಣ ಅಣು ಮಾಡಿ ಪಕ್ಕದಲ್ಲೇ ಅಂಟ್ಕೊಂಡಿರೋ ಬೀಟಾ ಭಾಗಕ್ಕೆ ದಾಟಿಸುತ್ತೆ. ಯಾವುದೋ ಕಾಲದಲ್ಲಿ ಈ ಆಲ್ಫಾ ಜೀನ್‌ನ ಒಂದು ನಕಲು ಆಗಿದೆ. ಮೂಲ ಜೀನ್ ತನ್ನ ಕೆಲಸ ಮಾಡ್ಕೊಂಡೇ ಇತ್ತಲ್ಲ, ಹಂಗಾಗಿ ನಕಲು ಬದಲಾದ್ರೂ ಗಿಡ ಸಾಯ್ಲಿಲ್ಲ, ಬದಲಾಗ್ತಾ ಬದಲಾಗ್ತಾ ಬೀಟಾ ಸಹಾಯ ಇಲ್ದೇ ತಾನೊಂದೇ ಇಂಡೋಲ್ ಮಾಡೋ ಹಂಗಾಯ್ತು. ಅದೇ ಬಿಎಕ್ಸ್1. ಆ ಬಿಡಿ ಇಂಡೋಲ್‌ಗೆ ಬಿಎಕ್ಸ್2ರಿಂದ ಬಿಎಕ್ಸ್5ರವರೆಗೆ ಪಿ450 ಅನ್ನೋ ಜಾತಿಯ ನಾಲ್ಕು ಎಂಜೈಮ್‌ಗಳು ಒಂದೊಂದೇ ಆಕ್ಸಿಜನ್ ಸೇರಿಸಿದ್ರೆ ಡೈಬೋವಾ ಅನ್ನೋ ವಿಷ, ಮುಂದೆ ಇನ್ನೂ ಸ್ವಲ್ಪ ಕೆಲಸ ಆದ್ರೆ ಡಿಂಬೋವಾ. ಈ ಐದೂ ಜೀನ್ ಗೋವಿನಜೋಳದ ನಾಲ್ಕನೇ ಕ್ರೋಮೋಸೋಮಲ್ಲಿ ಅಕ್ಕಪಕ್ಕದಲ್ಲೇ ಇವೆ.

ಓದಿದ್ದು ಸಾಕಾಗ್ಲಿಲ್ಲ, ನಾನೇ ವಂಶವೃಕ್ಷ ಕಟ್ಟಿ ನೋಡ್ಬೇಕು ಅನ್ನಿಸ್ತು. ಲ್ಯಾಬ್ ಏನೂ ಬೇಡ, ಒಂದು ಹಳೇ ಲ್ಯಾಪ್‌ಟಾಪ್, ನೆಟ್ ಇದ್ರೆ ಆಯ್ತು. ಎನ್ಸೆಂಬಲ್ ಪ್ಲಾಂಟ್ಸ್ ಅನ್ನೋ ಗಿಡಗಳ ಜೀನ್ ಡೇಟಾಬೇಸ್‌ನಲ್ಲಿ ಬಿಎಕ್ಸ್1 ಪ್ರೋಟೀನ್ ಹಾಕಿ ಬ್ಲಾಸ್ಟ್ ಮಾಡ್ದೆ, ಅಂದ್ರೆ ಹೋಲೋ ಪ್ರೋಟೀನ್ ಹುಡುಕ್ದೆ, ಗೋಧಿ, ಭತ್ತ, ಬಾರ್ಲಿ, ಬಿಳಿಜೋಳ ಎಲ್ಲದ್ರಿಂದ ಹೋಲಿಕೆ ಇರೋವನ್ನ ಇಳಿಸ್ಕೊಂಡೆ, ಮಾಫ್ಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸಾಲಾಗಿ ಜೋಡಿಸ್ದೆ, ಐಕ್ಯೂ-ಟ್ರೀ ಅನ್ನೋದ್ರಲ್ಲಿ ಮರ ಕಟ್ಟಿಸ್ದೆ. ಹೊರಗಿನ ಗುಂಪಾಗಿ, ಹುಲ್ಲಿನ ಜಾತಿಯಲ್ಲದ ಅರಾಬಿಡಾಪ್ಸಿಸ್ ಗಿಡದ ಆಲ್ಫಾ ಜೀನ್ ಇಟ್ಟೆ, ಇಲ್ಲಾಂದ್ರೆ ಮರದ ಬುಡ ಎಲ್ಲಿ ಅಂತಾನೇ ಗೊತ್ತಾಗಲ್ಲ.

ಮೊದಲ್ನೇ ಮರ ಪೂರ್ತಿ ವೇಸ್ಟ್ ಆಯ್ತು. ಒಂದೇ ಜೀನ್‌ನ ಬೇರೆ ಬೇರೆ ಸ್ಪ್ಲೈಸ್ ರೂಪಗಳನ್ನೆಲ್ಲ, ಅಂದ್ರೆ ಒಂದೇ ಜೀನ್‌ನ ತುಂಡುಗಳನ್ನ ಬೇರೆ ಬೇರೆ ಥರ ಜೋಡಿಸಿ ಬರೋ ಪ್ರೋಟೀನ್‌ಗಳನ್ನ, ಇಳಿಸ್ಕೊಂಡು, ಅವೆಲ್ಲ ಬೇರೆ ಬೇರೆ ಜೀನ್ ಅಂತ ತಿಳ್ಕೊಂಡು, ಎಷ್ಟೊಂದು ಡೂಪ್ಲಿಕೇಶನ್ ಆಗಿದೆ ನೋಡಿ ಅಂತ ಗೈಡ್‌ಗೆ ತೋರ್ಸಿದ್ದೆ. ಎರಡನೇ ಸಲ ಒಂದು ಜೀನ್‌ಗೆ ಒಂದೇ ಪ್ರೋಟೀನ್, ಇರೋದ್ರಲ್ಲಿ ಉದ್ದದ್ದು, ಇಟ್ಕೊಂಡೆ, ಆದ್ರೂ ಗೋಧೀಲಿ ಮೂರು ಮೂರು ಬಂತು, ಅದು ತಪ್ಪಲ್ಲ, ಗೋಧೀಲಿ ಎ, ಬಿ, ಡಿ ಅಂತ ಮೂರು ಜೀನೋಮ್ ಇದೆ. ಹೊಸದಾಗಿ ಮಾಡೋರು ಇವೆರಡನ್ನ ಬೇರೆ ಮಾಡಿ ನೋಡೋಕೆ ಮೊದ್ಲೇ ಕಲೀರಿ, ನನಗೆ ಒಂದು ತಿಂಗಳು ಹೋಯ್ತು.

ಸರಿಯಾದ ಮರ ಬಂದಾಗ ಗೋಧಿ ಬಿಎಕ್ಸ್1, ಗೋವಿನಜೋಳದ ಬಿಎಕ್ಸ್1 ಒಂದೇ ಕೊಂಬೇಲಿ ಕೂತಿದ್ವು, ಅವೆರಡೂ ತಮ್ಮ ಸ್ವಂತ ಗಿಡದ ಆಲ್ಫಾ ಜೀನ್‌ಗಿಂತ ಒಂದಕ್ಕೊಂದು ಹತ್ರ. ಅಂದ್ರೆ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದಲ್ಲ, ಮೂಲ ಒಂದೇ. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನನಗೆ.

ಆದ್ರೆ ಆ ಕೊಂಬೇಲಿ ಬಿಳಿಜೋಳ ಇರ್ಲಿಲ್ಲ. ಗೋವಿನಜೋಳದಿಂದ ಅದು ಬೇರೆ ಆಗಿದ್ದು ಸುಮಾರು 1.2 ಕೋಟಿ ವರ್ಷದ ಹಿಂದೆ ಅಷ್ಟೇ, ಇಷ್ಟು ಹತ್ರದ ಸಂಬಂಧಿ, ಇಲ್ಲ ಅಂದ್ರೆ ಏನು? ಬ್ಲಾಸ್ಟ್ ಸೆಟ್ಟಿಂಗ್ ಬದಲಿಸಿ ನಾಲ್ಕೈದು ಸಲ ಹುಡುಕ್ದೆ. ಊರಿಗೆ ಹೋದಾಗ ಅಪ್ಪಗೆ ಹೇಳ್ದೆ, ಜೋಳದಾಗ ವಿಷದ ಜೀನೇ ಇಲ್ಲ ನೋಡು ಅಂತ. ಅಪ್ಪ, "ಇಲ್ಲಂದ್ರ ಮಳಿ ಇಲ್ದ ಬಾಡಿದ ಸಣ್ಣ ಜೋಳಕ್ಕ ದನ ಯಾಕ ಬಿಡಂಗಿಲ್ಲ ನಾವು?" ಅಂದ. ಚಿಕ್ಕಂದಿನಿಂದ ಕೇಳಿದ ಮಾತು, ಒಂದ್ ಸಲಾನೂ ನೆನಪಾಗಿರ್ಲಿಲ್ಲ.

ಬಿಳಿಜೋಳದ ವಿಷ ಧುರ್ರಿನ್, ಜಗಿದಾಗ ಸಯನೈಡ್ ಬಿಡುತ್ತೆ. 1902ರಲ್ಲೇ ಡನ್‌ಸ್ಟನ್, ಹೆನ್ರಿ ಇದನ್ನ ಗುರುತಿಸಿದ್ರು. ಇದು ಶುರುವಾಗೋದು ಇಂಡೋಲ್‌ನಿಂದ ಅಲ್ಲ, ಟೈರೋಸಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲದಿಂದ. ಎರಡು ಪಿ450, ಒಂದು ಸಕ್ಕರೆ ಅಂಟ್ಸೋ ಎಂಜೈಮ್, ಮೂರೇ ಜೀನ್, ಒಂದನೇ ಕ್ರೋಮೋಸೋಮಲ್ಲಿ ಹತ್ರ ಹತ್ರ. ಸಕ್ಕರೆ ಅಂಟ್ಸೋದು ಪೂರ್ತಿ ಬೇರೆ ವಂಶದ್ದು, ಎರಡು ಪಿ450ಗಳೂ ಒಂದೇ ಕುಟುಂಬದವಲ್ಲ, ಆದ್ರೂ ಒಂದೇ ಓಣೀಲಿ ಮನೆ ಮಾಡಿವೆ. ಮರಗೆಣಸಲ್ಲೂ ಇಂಥದ್ದೇ ಗುಂಪು ಬೇರೆಯಾಗಿ ಹುಟ್ಟಿದೆ ಅಂತ 2011ರಲ್ಲಿ ಬಂದ ಪೇಪರ್ ಓದಿ, ಈಗ ಬಿಳಿಜೋಳದ ಈ ಮೂರು ಜೀನ್‌ಗೂ ಬೇರೆ ಬೇರೆ ಮರ ಕಟ್ತಿದೀನಿ. ಮೊದಲ್ನೇದು ಆ ಎರಡು ಪಿ450ಲಿ ಒಂದಾದ ಸಿವೈಪಿ79ಎ1, ಜೋಡಣೆ ಮುಗಿದಿದೆ, ಈ ಸಲ ಸ್ಪ್ಲೈಸ್ ರೂಪಗಳನ್ನ ಮೊದ್ಲೇ ತೆಗ್ದಿದೀನಿ.